ಸೊನ್ನೆಯ ಸೂತ್ರವೊಂದರ ಸಮೀಕ್ಷೆ

ಸೊನ್ನೆಯನ್ನು ಕಂಡುಹಿಡಿದವರು ಜೈನಾಚಾರ್ಯರೇ ಎಂಬ ಅಭಿಮಾನದ ಮಾತು ನಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅಭಿಮಾನ ತಪ್ಪಲ್ಲ, ಆದರೆ ಅದನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕು.

ಈ ಮಾತಿಗೆ ಮುಖ್ಯ ಆಧಾರವೆನ್ನುವುದು ಲೋಕವಿಭಾಗ. ಸರ್ವನಂದಿ ಮುನಿಗಳ ಪ್ರಾಕೃತ ಮೂಲದ ಕಾಲ ಶಕ 380, ಎಂದರೆ ಕ್ರಿ.ಶ. 458. ಅದರಲ್ಲಿ ದೊಡ್ಡ ಸಂಖ್ಯೆಗಳನ್ನು ಸ್ಥಾನಕ್ರಮದಲ್ಲಿ ಹೇಳುವಾಗ ಶೂನ್ಯವಾಚಕ ಪದಗಳು ಬಂದಿವೆ. ಆದರೆ ಇಂದು ದೊರೆಯುವುದು ಸಿಂಹಸೂರಿಗಳು ಮುಂದೆ ರಚಿಸಿದ ಸಂಸ್ಕೃತ ರೂಪ ಮಾತ್ರ. ಅದರ ಪ್ರತಿಯೊಂದು ಪದಕ್ಕೂ 458ರ ಮುದ್ರೆ ಒತ್ತಲಾಗದು. ಅಲ್ಲದೆ ಅಲ್ಲಿ ಸೊನ್ನೆಯದು ಖಾಲಿ ಸ್ಥಾನವನ್ನು ಕಾಯುವ ಕೆಲಸ. 105ರ ನಡುವಿನ ಸೊನ್ನೆ ಬಿಟ್ಟುಹೋದರೆ ಅದು 15 ಆಗುವುದು ಲೆಕ್ಕ ಬರೆಯುವವರಿಗೆಲ್ಲ ಗೊತ್ತು. ಸೊನ್ನೆಯನ್ನೇ ಒಂದು ಸಂಖ್ಯೆಯೆಂದು ಭಾವಿಸಿ ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಸ್ಪಷ್ಟವಾಗಿ ಹೇಳಿದವನು ಬ್ರಹ್ಮಗುಪ್ತ, ಕ್ರಿ.ಶ. 628ರಲ್ಲಿ. ಆತ ಜೈನನಲ್ಲ.

ಹಾಗಾದರೆ ನಮ್ಮ ಪಾಲೇನು? ಕ್ರಿ.ಶ. 850ರ ಸುಮಾರಿಗೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹ. ಜ್ಯೋತಿಷದ ಅಂಗವಾಗಿದ್ದ ಗಣಿತಕ್ಕೆ ಪ್ರತ್ಯೇಕ ಗ್ರಂಥದ ಗೌರವವಿತ್ತ ಕೃತಿಯಿದು. 1912ರಲ್ಲಿ ಮದರಾಸಿನಲ್ಲಿ ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಪ್ರಕಟವಾಯಿತು. 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದ ಹೊರಬಂದಿತು.

ಸೊನ್ನೆಯಿಂದ ಗುಣಿಸಿದ ಸಂಖ್ಯೆ ಸೊನ್ನೆಯಾಗುವುದೆಂದೂ, ಸೊನ್ನೆಯನ್ನು ಕೂಡಿದರೂ ಕಳೆದರೂ ಸಂಖ್ಯೆ ಬದಲಾಗದೆಂದೂ ಆಚಾರ್ಯರು ಹೇಳುತ್ತಾರೆ. ಇವು ನಿರ್ದುಷ್ಟ. ಆದರೆ ಸೊನ್ನೆಯಿಂದ ಭಾಗಿಸಿದರೂ ಸಂಖ್ಯೆ ಹಾಗೆಯೇ ಉಳಿಯುವುದೆಂಬ ಮಾತೂ ಅಲ್ಲಿದೆ. ಇದನ್ನು ಸಮರ್ಥಿಸುವವರಿದ್ದಾರೆ. ವಸ್ತಾರೆಯ ವರ್ತಕನಿಗೆ ಆ ಸಮರ್ಥನೆ ಸಹಜವೆನಿಸೀತು: ಉಗ್ರಾಣದಲ್ಲಿ 12 ಮೂಟೆ ಕಾಫಿಯಿದೆ, ಪಾಲುದಾರರು ಒಬ್ಬರೂ ಇಲ್ಲ, 12 ಮೂಟೆಯೂ ಉಳಿಯಿತಲ್ಲವೆ? ಉಳಿಯಿತು, ನಿಜ. ಆದರೆ ಭಾಗಾಕಾರ ಕೇಳುವುದು ಉಗ್ರಾಣದಲ್ಲಿ ಉಳಿದದ್ದನ್ನಲ್ಲ, ಒಬ್ಬೊಬ್ಬರಿಗೆ ಬಂದ ಪಾಲನ್ನು. ಪಾಲುದಾರನೇ ಇಲ್ಲದಲ್ಲಿ ಆ ಪ್ರಶ್ನೆಯೇ ಏಳದು. 12ನ್ನು ಸೊನ್ನೆಯಿಂದ ಭಾಗಿಸಿ 12 ಬಂದರೆ, ತಾಳೆ ನೋಡುವಾಗ 12ನ್ನು ಸೊನ್ನೆಯಿಂದ ಗುಣಿಸಿ 12 ಬರಬೇಕು. ಆಚಾರ್ಯರ ಗುಣಾಕಾರದ ನಿಯಮವೇ ಅದನ್ನು ಸೊನ್ನೆ ಎನ್ನುತ್ತದೆ. ಸೂತ್ರವನ್ನು ಅಲ್ಲಗಳೆಯುವುದು ಹೊರಗಿನವರ ಟೀಕೆಯಲ್ಲ, ಅದರ ಜೊತೆಯ ಸೂತ್ರವೇ.

ಅನೇಕಾಂತದ ಹೆಸರಿನಲ್ಲಿ ಇದನ್ನು ಮುಚ್ಚುವುದು ಸಲ್ಲದು. ವಸ್ತುವಿನ ಹಲವು ಮುಖಗಳನ್ನು ನೋಡಲು ಕಲಿಸುವ ತತ್ತ್ವ, ತಪ್ಪನ್ನು ಸರಿಯೆನ್ನಲು ನೆಪವಾಗಬಾರದು. ಈ ತೊಡಕಿನಲ್ಲಿ ಆಚಾರ್ಯರು ಒಬ್ಬರೇ ಸಿಲುಕಲಿಲ್ಲ. ಬ್ರಹ್ಮಗುಪ್ತನು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದ. 12ನೆಯ ಶತಮಾನದ ಭಾಸ್ಕರಾಚಾರ್ಯನು ಸೊನ್ನೆಯಿಂದ ಭಾಗಿಸಿದ ರಾಶಿಯನ್ನು ಖಹರವೆಂದು ಕರೆದು ಅನಂತಕ್ಕೆ ಹೋಲಿಸಿದ. ಇಂದಿನ ಗಣಿತ ಆ ಭಾಗಾಕಾರಕ್ಕೆ ಅರ್ಥವನ್ನೇ ಕೊಡುವುದಿಲ್ಲ.

ಇದೇ ಮಹಾವೀರಾಚಾರ್ಯರು, ಋಣಸಂಖ್ಯೆ ಸ್ವಭಾವತಃ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದರು. ಇಲ್ಲದ ಉತ್ತರವನ್ನು ಇಲ್ಲವೆಂದ ಆ ಧೈರ್ಯವನ್ನು ಭಾಗಾಕಾರದಲ್ಲೂ ತೋರಿದ್ದರೆ ಎನಿಸದಿರದು. ಬಸದಿಯ ಫಲಕಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ ಅವರನ್ನು ಸೊನ್ನೆಯ ಜನಕರೆಂದು ಬರೆಸುವ ಬದಲು, ಗಣಿತಕ್ಕೆ ಸ್ವತಂತ್ರ ಗ್ರಂಥವಿತ್ತ ಕನ್ನಡ ನಾಡಿನ ಆಚಾರ್ಯರೆಂದು ಬರೆಸಿದರೆ ಸಾಕು. ಅದು ಸತ್ಯಾಣುವ್ರತಕ್ಕೂ ಒಪ್ಪುವ ಮಾತು.