ಕಡಗದ ಉಪಮೆ

ಕಾವ್ಯದ ಸೊಬಗನ್ನು ಒಡವೆಗೆ ಹೋಲಿಸುವುದು ಅಲಂಕಾರಶಾಸ್ತ್ರದಷ್ಟೇ ಹಳೆಯ ವಾಡಿಕೆ. 9ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ, ಗುಣಗಳಿಗೆ ರಸವೇ ಆಶ್ರಯವೆಂದೂ ಅಲಂಕಾರಗಳಿಗೆ, ಕಡಗ ಮೊದಲಾದುವುಗಳಿಗೆ ಹೇಗೋ ಹಾಗೆ, ಅಂಗವು ಆಶ್ರಯವೆಂದೂ ವಿಂಗಡಿಸಿದನು. ಈ ಉಪಮೆಯನ್ನು ಓದಿದವರು ಸಾಮಾನ್ಯವಾಗಿ ಮಾಡಿಕೊಳ್ಳುವ ತೀರ್ಮಾನವೇನೆಂದರೆ: ಒಡವೆಯು ಹೊರಗಿನದು, ತೊಟ್ಟರೆ ಚೆಲುವು ಹೆಚ್ಚುವುದು, ಕಳಚಿದರೆ ಆತ್ಮಕ್ಕೆ ಕೊರತೆಯಿಲ್ಲ. ಕಾವ್ಯದ ಮಾತು ಹಾಗಿರಲಿ. ಒಡವೆಯ ವಿಷಯದಲ್ಲಿಯಾದರೂ ಇದು ನಿಜವೆ?

ಅರಮನೆಯ ರತ್ನಾಭರಣಗಳನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ನಿಜವೆಂದೇ ತೋರಬಹುದು. ಆದರೆ ಬೆಳ್ಳಿಯ ಸಾಕ್ಷ್ಯವು ಬೇರೆ. ಸೊಂಟದಿಂದ ಮೇಲಕ್ಕೆ ಚಿನ್ನ, ಕೆಳಕ್ಕೆ ಬೆಳ್ಳಿ ಎಂಬ ಕಟ್ಟಳೆಯನ್ನು ಪಾಲಿಸುವ ಮೈಸೂರಿನ ಮನೆಗಳಲ್ಲಿ ಬೆಳ್ಳಿಗೆ ಕಾಲುಂಗುರ, ಗೆಜ್ಜೆಗಳ ಸ್ಥಾನವಷ್ಟೆ. ಲಂಬಾಣಿ ಹೆಂಗಸಿಗಾದರೋ ಬೆಳ್ಳಿಯು ಮುಖದ ಮಾತು. ಕೂದಲಿಗೆ ಹೆಣೆದು ಕೆನ್ನೆಗಳ ಪಕ್ಕದಲ್ಲಿ ಇಳಿಬಿಡುವ ಘುಗರಿಯು ಮುತ್ತೈದೆತನದ ಗುರುತು. ಗಂಡನು ತೀರಿಕೊಂಡರೆ ಅದನ್ನು ತೆಗೆದಿಡುವುದು ಸಂಪ್ರದಾಯ. ಎತ್ತುಗಳ ಮೇಲೆ ದವಸ, ಉಪ್ಪುಗಳನ್ನು ಹೇರಿಕೊಂಡು ನಾಡಿನಿಂದ ನಾಡಿಗೆ ನಡೆದ ಜನ ಅವರು. 1791ರಲ್ಲಿ ಶ್ರೀರಂಗಪಟ್ಟಣದ ಮೇಲೆ ಏರಿಬಂದ ಕಾರ್ನವಾಲಿಸನ ದಂಡಿಗೆ ದವಸ ಒದಗಿಸಿದವರೂ ಅವರೇ. ನಿಂತ ಮನೆಯಿಲ್ಲದ ಅಂಥವರಿಗೆ ಮೈಯೇ ಭಂಡಾರ, ಮೈಯೇ ಶಾಸನ. ಘುಗರಿಯನ್ನು ಕಳಚಿದರೆ ಕಳೆಯುವುದು ಚೆಲುವಲ್ಲ. ಬಾಳಿನ ಒಂದು ವಾಕ್ಯದ ಅರ್ಥವೇ ಬದಲಾಗುವುದು.

ವೀರಶೈವರ ಬೆಳ್ಳಿಯ ಕರಡಿಗೆಯನ್ನು ನೋಡಿದರೂ ಇದೇ ಮಾತು. ಕುಸುರಿಗೆಲಸವು ಎಷ್ಟೇ ಸೊಗಸಾಗಿರಲಿ, ಅದು ಇಷ್ಟಲಿಂಗದ ಮನೆ; ಕೊರಳ ಒಡವೆಯೆಂದು ಕರೆದರೆ ತಪ್ಪಾದೀತು. ದೂರದ ಮಧ್ಯ ಏಷ್ಯಾದ ತುರ್ಕಮೆನ್ ಹೆಂಗಸರೂ ಪ್ರಾರ್ಥನೆಯನ್ನು ಬರೆದಿಟ್ಟ ಬೆಳ್ಳಿಯ ತಾಯಿತದ ಕರಡಿಗೆಗಳನ್ನು ಧರಿಸುತ್ತಿದ್ದರು. ಚಿನ್ನದ ನೀರು ಕೊಟ್ಟ ಬೆಳ್ಳಿಯಲ್ಲಿ ಕಾರ್ನೀಲಿಯನ್ ಎಂಬ ಕೆಂಪು ಕಲ್ಲನ್ನು ಕೂಡಿಸುವುದು ಅವರಲ್ಲಿ ತೆಕೆ ಪಂಗಡದವರ ರೀತಿ; ಆ ಕಲ್ಲು ಕೇಡನ್ನು ತಡೆಯುವುದೆಂದು ನಂಬಿಕೆ. ಮದುವಣಗಿತ್ತಿಯ ಮೈಮೇಲೆ ಒಡವೆಯ ಭಾರವು ಅತ್ಯಧಿಕ. ವಯಸ್ಸು ಏರಿದಂತೆ ಅದು ಇಳಿಯುವುದು. ಇಂಥ ಬೆಳ್ಳಿಯ ಒಂದು ಸಂಗ್ರಹವನ್ನು ಕುರಿತು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯವು 2011ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಹೊರತಂದಿತು.

ಕನ್ನಡನಾಡಿನ ಬೆಳ್ಳಿಗೆ ಎಲ್ಲೆಡೆಯೂ ಕಾದಿರುವ ಓದುಗನು ತಕ್ಕಡಿಯೊಬ್ಬನೇ. ಅಜ್ಜಿಯ ಕಡಗವು ಅಶೋಕ ರಸ್ತೆಯನ್ನು ತಲುಪಿದರೆ ಅಲ್ಲಿ ಕೇಳುವ ಪ್ರಶ್ನೆ ತೂಕದ್ದು, ತಾಯಿಬೆಳ್ಳಿ ಎಷ್ಟೆಂಬುದು, ಕೆಲಸಕ್ಕೆ ಬೆಲೆಯಿಲ್ಲ. ಮೂಸೆಗೆ ಬಿದ್ದ ಮೇಲೆ ಹೆಸರೂ ಇಲ್ಲ. ವ್ಯಾಪಾರಿಯನ್ನು ಹಳಿದು ಫಲವಿಲ್ಲ. ಒಡವೆಯು ಬರಿಯ ಹೊರಮೆರುಗೆಂದು ಪಂಡಿತರೇ ಎಣಿಸಿರುವಾಗ ಅವನು ಮೆರುಗನ್ನು ಬಿಟ್ಟು ಲೋಹವನ್ನು ಕೊಳ್ಳುವುದು ನ್ಯಾಯವೇ ಸರಿ.

ಹಾಗಾದರೆ ಉಪಮೆಯು ತಪ್ಪೆ? ಪ್ರತ್ಯೇಕ ಯತ್ನವಿಲ್ಲದೆ ರಸದೊಡನೆಯೇ ಮೂಡುವ ಅಲಂಕಾರವು ಹೊರಗಿನದಲ್ಲವೆಂದು ಆನಂದವರ್ಧನನೇ ಎಚ್ಚರಿಸಿರುವನು. ಆಮೇಲೆ ಬಂದ ಕುಂತಕನು ಅಲಂಕಾರವನ್ನು ಬೇರ್ಪಡಿಸುವುದು ವಿವರಣೆಯ ಅನುಕೂಲಕ್ಕಾಗಿ ಮಾತ್ರ, ಅಲಂಕಾರದೊಡಗೂಡಿದುದೇ ಕಾವ್ಯವೆಂದು ಸಾರಿದನು. ಲಂಬಾಣಿಯ ಘುಗರಿಯು ಕುಂತಕನ ಪಕ್ಷದಲ್ಲಿ ನಿಲ್ಲುವುದು.

ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವು 1968ರಲ್ಲಿ ಸ್ಥಾಪಿತವಾದಾಗ ಜನಸಾಮಾನ್ಯರ ಬಳಕೆಯ ವಸ್ತುಗಳೂ ವಿದ್ವತ್ತಿಗೆ ಯೋಗ್ಯವೆಂಬುದು ಸಿದ್ಧವಾಯಿತು. ಆದರೆ ವಸ್ತುವನ್ನು ಉಳಿಸಿದ ಮಾತ್ರಕ್ಕೆ ಅರ್ಥವು ಉಳಿಯದು. ತೊಟ್ಟವಳು ಯಾರು, ಯಾವ ದಿನ ತೊಟ್ಟಳು, ಯಾವ ದಿನ ತೆಗೆದಳು ಎಂಬುದನ್ನು ಕೇಳಿ ಬರೆದಿಡದಿದ್ದರೆ, ಗಾಜಿನ ಹಿಂದಿರುವ ಕಡಗವೂ ಕರಗಿದ ಕಡಗವೇ. ಆ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ಮುದುಕಿಯರು ಇನ್ನೂ ಮನೆಮನೆಯಲ್ಲಿರುವಾಗ, ಕೇಳುವ ಕೆಲಸವು ಪಂಡಿತರಿಗೆ ಮಾತ್ರ ಸೇರಿದ್ದಲ್ಲ.