ಚಕ್ ದೇ ಹೇಳದೆ ಬಿಟ್ಟದ್ದು

ಶಿಮಿತ್ ಅಮೀನ್ ನಿರ್ದೇಶಿಸಿದ 'ಚಕ್ ದೇ ಇಂಡಿಯಾ' 2007ರಲ್ಲಿ ತೆರೆಗೆ ಬಂದಾಗ ನಮ್ಮಲ್ಲಿ ಅನೇಕರು ಅದನ್ನು ಆರಂಭದ ದೃಶ್ಯಗಳಿಗಾಗಿಯೇ ಮೆಚ್ಚಿಕೊಂಡರು. ಪಾಕಿಸ್ತಾನದ ವಿರುದ್ಧ ಪೆನಾಲ್ಟಿ ಸ್ಟ್ರೋಕ್ ಕಳೆದುಕೊಂಡ ನಾಯಕ ಕಬೀರ್ ಖಾನ್ ಬೆಳಗಾಗುವುದರೊಳಗೆ ದೇಶದ್ರೋಹಿಯಾಗುತ್ತಾನೆ, ತಾಯಿಯೊಂದಿಗೆ ಮನೆ ಬಿಟ್ಟು ಹೊರಡುತ್ತಾನೆ. ಇದನ್ನು ಇಷ್ಟು ನೇರವಾಗಿ ತೋರಿಸಿದ ಜನಪ್ರಿಯ ಚಿತ್ರಗಳು ವಿರಳ. ನಮ್ಮ ತಕರಾರು ಇರುವುದು ಮುಂದಿನ ಭಾಗದ ಬಗ್ಗೆ.

ತನ್ನ ಹಾಗೂ ಇತರರ ಭಾವನೆಗಳನ್ನು ಗುರುತಿಸಿ, ಅದರಂತೆ ಯೋಚನೆಯನ್ನೂ ನಡೆಯನ್ನೂ ರೂಪಿಸಿಕೊಳ್ಳುವ ಸಾಮರ್ಥ್ಯವನ್ನು ಪೀಟರ್ ಸಾಲೋವಿ ಮತ್ತು ಜಾನ್ ಮೇಯರ್ 1990ರಲ್ಲಿ ಭಾವನಾತ್ಮಕ ಬುದ್ಧಿವಂತಿಕೆ ಎಂದು ಕರೆದರು. ಹನ್ನೊಂದು ಜನ ಕೂಡಿ ಆಡುವ ಆಟದಲ್ಲಿ ಇದು ಸಣ್ಣ ವಿಷಯವಲ್ಲ. ಪಕ್ಕದವಳು ಹೆದರಿದ್ದಾಳೆಂದು ಅವಳ ಹೆಜ್ಜೆಯಿಂದಲೇ ತಿಳಿಯಬೇಕು. ತನ್ನ ಸಿಟ್ಟು ಮುಂದಿನ ಪಾಸನ್ನು ಹಾಳು ಮಾಡದಂತೆ ನೋಡಿಕೊಳ್ಳಬೇಕು.

ಚಿತ್ರದಲ್ಲಿ ಈ ಬುದ್ಧಿಯೆಲ್ಲ ಕೋಚ್ ಒಬ್ಬನ ಸೊತ್ತು. ಹುಡುಗಿಯರಿಗೆ ಉಳಿದಿರುವುದು ಜಗಳ, ಹಟ, ಕಣ್ಣೀರು. ಅವರು ಒಂದಾಗುವುದಾದರೂ ಹೇಗೆ? ಹೋಟೆಲಿನಲ್ಲಿ ಪುಂಡರನ್ನು ಒಟ್ಟಾಗಿ ಥಳಿಸುವುದರಿಂದ! ಹೊರಗೊಬ್ಬ ವೈರಿ ಸಿಕ್ಕಾಗ ಹುಟ್ಟುವ ಒಗ್ಗಟ್ಟು ಎಷ್ಟು ದಿನ ಬಾಳುತ್ತದೆ ಎಂದು ಚಿತ್ರ ಕೇಳುವುದಿಲ್ಲ. ಫೈನಲಿನ ಕೊನೆಯ ಸ್ಟ್ರೋಕ್ ತಡೆಯುವಾಗಲೂ ಗೋಲ್‌ಕೀಪರ್ ವಿದ್ಯಾ ಕೋಚ್‌ನ ಮುಖ ನೋಡಬೇಕು. ಕೋಮಲ್ ತನ್ನ ಹಟ ಬಿಟ್ಟು ಪ್ರೀತಿಗೆ ಚೆಂಡು ಕೊಡುವ ಕ್ಷಣ ಮಾತ್ರ ಹುಡುಗಿಯರದ್ದೇ. ನಮ್ಮ ಮಟ್ಟಿಗೆ ಚಿತ್ರದ ಅತ್ಯುತ್ತಮ ಗಳಿಗೆ ಅದು, ಭಾಷಣಗಳಲ್ಲ. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲಿನ ಟೈಬ್ರೇಕರ್‌ನಲ್ಲಿ ಕೊರಿಯಾದ ಸ್ಟ್ರೋಕ್‌ಗಳನ್ನು ತಡೆದು ಚಿನ್ನ ತಂದುಕೊಟ್ಟ ಬೆಂಗಳೂರಿನ ಆಶಿಶ್ ಬಲ್ಲಾಳ್‌ರ ಕಾಲ ಕೆಳಗಿನ ಗೆರೆಯ ಮೇಲೆ ಬೇರೆ ಯಾರೂ ನಿಂತಿರಲಿಲ್ಲ.

ನಿಜವಾದ ಮಹಿಳಾ ತಂಡ ಪಳಗಿದ್ದು ನಮ್ಮ ಬೆಂಗಳೂರಿನಲ್ಲೇ, ಜ್ಞಾನಭಾರತಿ ಆವರಣದ ಸಾಯ್ ಕೇಂದ್ರದಲ್ಲಿ. ಅದೇ ಆವರಣದ ಬೆಂಗಳೂರು ವಿಶ್ವವಿದ್ಯಾಲಯದವರು 2001ರಲ್ಲಿ ದೊಡ್ಡಬಳ್ಳಾಪುರದ ಬಳಿಯ ರಾಜಘಟ್ಟದಲ್ಲಿ ಬೌದ್ಧ ಚೈತ್ಯ, ವಿಹಾರಗಳ ಅವಶೇಷಗಳನ್ನು ಅಗೆದು ತೆಗೆದಿದ್ದರು. ಅಂಗಳದ ಸುತ್ತ ಸಾಲು ಕೋಣೆಗಳು, ಒಟ್ಟಿಗೆ ಬದುಕುತ್ತಾ ಮನಸ್ಸನ್ನು ಹದಗೊಳಿಸುವ ದಿನಚರಿ – ವಿಹಾರವೆಂದರೆ ಅದೇ ತಾನೇ? ಕ್ರೀಡಾ ವಸತಿನಿಲಯಕ್ಕೂ ಅದಕ್ಕೂ ನಂಟು ಕಲ್ಪಿಸುವುದು ಅತಿಯಾಯಿತು ಎನ್ನುವವರು ಎನ್ನಲಿ. 2020ರ ಲಾಕ್‌ಡೌನಿನ ತಿಂಗಳುಗಳನ್ನು ಈ ಆಟಗಾರ್ತಿಯರು ಮನೆಯಿಂದ ದೂರ, ಸಾಯ್ ಕೇಂದ್ರದಲ್ಲೇ ಕಳೆದರು. ಆ ದಿನಗಳಲ್ಲಿ 18 ದಿನಗಳ ಫಿಟ್‌ನೆಸ್ ಸವಾಲು ಏರ್ಪಡಿಸಿ, ವಲಸೆ ಕಾರ್ಮಿಕರ ಊಟಕ್ಕಾಗಿ 20 ಲಕ್ಷ ರೂಪಾಯಿಗೂ ಹೆಚ್ಚು ಕೂಡಿಸಿದರು. ಪರರ ಹಸಿವು ಅರಿಯಲು ಅವರಿಗೆ ಯಾವ ಕಬೀರ್ ಖಾನನ ಭಾಷಣವೂ ಬೇಕಾಗಲಿಲ್ಲ.

2021ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಈ ತಂಡ ಮೊದಲ ಮೂರೂ ಪಂದ್ಯ ಸೋತಿತು. ಡಚ್ ಕೋಚ್ ಶೋರ್ಡ್ ಮರೈನೆ ಆಟಗಾರ್ತಿಯರಿಗೆ ಒಂದು ಸಿನಿಮಾ ತೋರಿಸಿದರಂತೆ, ಈ ಕ್ಷಣದಲ್ಲಿ ಬದುಕುವುದರ ಬಗ್ಗೆ. ಹೆಸರು ಮಾತ್ರ ಬಾಯಿ ಬಿಡಲಿಲ್ಲ. ಅದು ಚಕ್ ದೇ ಆಗಿರಲಿಲ್ಲವೆಂದು ನಮ್ಮ ಊಹೆ. ಆಮೇಲೆ ಐರ್ಲೆಂಡನ್ನೂ ದಕ್ಷಿಣ ಆಫ್ರಿಕಾವನ್ನೂ ಸೋಲಿಸಿದರು. ಕ್ವಾರ್ಟರ್ ಫೈನಲಿನಲ್ಲಿ ಗುರ್ಜಿತ್ ಕೌರ್ ಹೊಡೆದ ಒಂದೇ ಗೋಲಿನಿಂದ ಆಸ್ಟ್ರೇಲಿಯಾವನ್ನು ಮನೆಗೆ ಕಳಿಸಿದರು. ಮೂರು ಸೋಲಿನ ನಂತರ ಪರಸ್ಪರ ದೂರದೆ ಉಳಿಯುವುದೇ ದೊಡ್ಡ ತರಬೇತಿ. ಕ್ಯಾಮೆರಾಗೆ ಅದು ಸಿಗುವುದು ಕಷ್ಟ.

ಆಟಗಾರರ ಭಾವನೆಗಳನ್ನು ತಿದ್ದುವ ಈ ಉತ್ಸಾಹದಲ್ಲಿ ನೋಡುಗರದ್ದನ್ನು ತಿದ್ದುವವರು ಯಾರು? ಚಿತ್ರದ ಕೊನೆಯಲ್ಲಿ ಕಬೀರ್ ಕಪ್ ತಂದ ಮೇಲೆಯೇ ಮೊಹಲ್ಲಾ ಅವನನ್ನು ಮನೆಯೊಳಗೆ ಸೇರಿಸಿಕೊಳ್ಳುತ್ತದೆ. ಗೆಲ್ಲದಿದ್ದರೆ? ಆ ಪ್ರಶ್ನೆಯನ್ನು ಚಿತ್ರ ಜಾಣತನದಿಂದ ದಾಟಿಬಿಡುತ್ತದೆ. 2021ರ ಅಕ್ಟೋಬರ್ 24ರಂದು ಪಾಕಿಸ್ತಾನದ ಎದುರು ಇಡೀ ತಂಡ ಸೋತರೂ ಬೈಗುಳ ಬಿದ್ದದ್ದು ಮುಹಮ್ಮದ್ ಶಮಿಗೆ. ಅದಕ್ಕೂ ಮೊದಲು, ಆಗಸ್ಟ್ 4ರಂದು ಅರ್ಜೆಂಟೀನಾ ವಿರುದ್ಧ ಸೆಮಿಫೈನಲ್ ಸೋತ ಕೂಡಲೇ, ಹರಿದ್ವಾರದ ಬಳಿ ವಂದನಾ ಕಟಾರಿಯಾರ ಮನೆಯೆದುರು ಜಾತಿ ಹಿಡಿದು ನಿಂದಿಸಲಾಯಿತು. ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಭಾರತದ ಮೊದಲ ಹಾಕಿ ಆಟಗಾರ್ತಿ ಅವರು. ಎರಡೇ ದಿನಗಳ ನಂತರ ಕಂಚಿಗಾಗಿ ಬ್ರಿಟನ್ ವಿರುದ್ಧ ಅವರು ಮತ್ತೆ ಮೈದಾನಕ್ಕಿಳಿದರು. ತಂಡ 3-4ರಿಂದ ಸೋತಿತು. ಆ ಮೂರರಲ್ಲಿ ಒಂದು ಗೋಲು ವಂದನಾರದ್ದು.