ದಯೆಯ ಪಾಠ ಮುಗಿದ ಮೇಲೆ

ಶೇಕ್ಸ್‌ಪಿಯರನ 'ದಿ ಮರ್ಚೆಂಟ್ ಆಫ್ ವೆನಿಸ್' ನಾಟಕವನ್ನು ಹೈಸ್ಕೂಲಿನ ಇಂಗ್ಲಿಷ್ ತರಗತಿಗಳಲ್ಲಿ ಓದಿಸುವುದು ಹಳೆಯ ರೂಢಿ. ದಯೆಯನ್ನು ಕುರಿತ ಪೋರ್ಷಿಯಾಳ ಮಾತುಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಸಂದರ್ಭ ಸಹಿತ ವಿವರಿಸಿ ಅಂಕ ಪಡೆಯುತ್ತಾರೆ. ಅದೇ ದೃಶ್ಯದಲ್ಲಿ ಮುಂದೆ, ಶೈಲಾಕ್ ಕ್ರೈಸ್ತನಾಗಬೇಕೆಂದು ಆಂಟೋನಿಯೊ ಷರತ್ತು ಹಾಕುತ್ತಾನೆ, ಡ್ಯೂಕ್ ಒಪ್ಪುತ್ತಾನೆ. ದಯೆಯ ಲೆಕ್ಕದಲ್ಲೇ ಬರುವ ಈ ಬಲವಂತದ ಮತಾಂತರವನ್ನು ನಾವು ಕಂಡ ಗೈಡುಗಳು ಒಂದೇ ಸಾಲಿನಲ್ಲಿ ದಾಟಿಬಿಡುತ್ತವೆ.

ಯಹೂದಿಗಳನ್ನು ಇಂಗ್ಲೆಂಡಿನಿಂದ ಹೊರಗಟ್ಟಿದ್ದು 1290ರಲ್ಲಿ. ಮೂರು ಶತಮಾನಗಳ ಬಳಿಕ ಈ ನಾಟಕ ನೋಡಿದ ಹೆಚ್ಚಿನವರಿಗೆ ಯಹೂದಿಯೆಂದರೆ ಬರೀ ಕೇಳಿದ ಕತೆ. ಹಾಗೆ ಕತೆಯಾಗಿ ಬದುಕುವ ಕಷ್ಟ ನಮಗೇನೂ ಅಪರಿಚಿತವಲ್ಲ.

ಶೈಲಾಕನಿಗಾದರೂ ಒಳ್ಳೆಯ ಮೇಷ್ಟ್ರು ಮರುಗುತ್ತಾರೆ. ಮೊರಾಕ್ಕೋದ ರಾಜಕುಮಾರನಿಗೆ ಅದೂ ಇಲ್ಲ. ಮೈಬಣ್ಣ ನೋಡಿ ದೂರಬೇಡ ಎಂದು ಬೇಡುತ್ತಲೇ ಆತ ರಂಗಕ್ಕೆ ಬರುತ್ತಾನೆ. ಚಿನ್ನದ ಪೆಟ್ಟಿಗೆ ಆರಿಸಿ ಸೋತು ಹೊರಟಾಗ, ಆ ಬಣ್ಣದವರೆಲ್ಲರಿಗೂ ಇದೇ ಗತಿಯಾಗಲೆಂದು ಬಯಸುವವಳು ಮುಂದೆ ದಯೆಯ ಪಾಠ ಹೇಳಲಿರುವ ಪೋರ್ಷಿಯಾಳೇ! ನಾಟಕ ಅಚ್ಚಾದ 1600ರಲ್ಲಿಯೇ ಮೊರಾಕ್ಕೋದ ರಾಯಭಾರಿಯೊಬ್ಬ ಲಂಡನ್ನಿಗೆ ಬಂದು ಎಲಿಜಬೆತ್ ರಾಣಿಯನ್ನು ಕಂಡಿದ್ದ.

ನಾಟಕವನ್ನು ಪಠ್ಯದಿಂದ ಕಿತ್ತುಹಾಕಿ ಎಂದು ನಾವು ಹೇಳುವುದಿಲ್ಲ. ಪ್ರಶ್ನೆಪತ್ರಿಕೆ ಬದಲಾಗಲಿ. ಮರುದಿನ ಬೆಳಿಗ್ಗೆ ಪ್ರಾರ್ಥನೆಗೆಂದು ಶೈಲಾಕ್ ಯಾವ ಬಾಗಿಲಿಗೆ ಹೋದ? ಹತ್ತು ಅಂಕಕ್ಕೆ ಮಕ್ಕಳು ಬರೆಯಲಿ.